ವೇದಿಕೆ ಮೇಲೆ ಹುಲಿ, ಕ್ಯಾಮೆರಾ ಮುಂದೆ ಮದುಮಗ

ಪ್ರಶ್ನೆ: ನಾನು ಸಾಗರದ ಕಡೆಯವನು, ಮದುವೆ ಫೋಟೋ ತೆಗೆಯುತ್ತೇನೆ. ನನ್ನ ಹೈಸ್ಕೂಲ್ ಗೆಳೆಯ ಬೆಂಗಳೂರಿನ ಒಂದು ಕನ್ನಡ ರಾಕ್ ಬ್ಯಾಂಡ್‌ನಲ್ಲಿ ಹಾಡುತ್ತಾನೆ. ಈಗ ರಸ್ತೆಯಲ್ಲಿ ಜನ ಗುರುತು ಹಿಡಿಯುವಷ್ಟು ಹೆಸರು ಬಂದಿದೆ. ವೇದಿಕೆ ಮೇಲೆ ಹುಲಿ, ಕೆಳಗಿಳಿದರೆ ತಲೆ ಎತ್ತುವುದಿಲ್ಲ. ಮಳೆಗಾಲಕ್ಕೆ ತೀರ್ಥಹಳ್ಳಿ ಹತ್ತಿರದ ಮನೆಗೆ ಬಂದಿದ್ದಾನೆ. ಒಂದು ಪತ್ರಿಕೆಯವರು ಲೇಖನದ ಜೊತೆ ಹಾಕಲು ಅವನ ಪೋರ್ಟ್ರೇಟ್ ಕೇಳಿದ್ದಾರೆ. ಬೇರೆ ಯಾರೂ ಬೇಡ, ನೀನೇ ತೆಗಿ ಅಂದ. ಎರಡು ದಿನ ಪ್ರಯತ್ನಿಸಿದೆ. ಎರಡೂ ದಿನ ಮದುಮಗನ ಹಾಗೆ ಬಿಗಿದುಕೊಂಡು ನಿಂತ. ಫೋಟೋ ಕಳಿಸಿದ್ದೇನೆ. ನನ್ನ ಹತ್ತಿರ 35 ಮತ್ತು 85 ಎಂಎಂ ಲೆನ್ಸ್, ಎರಡು ಫ್ಲ್ಯಾಶ್ ಇವೆ. ಅವನ ಸಂಕೋಚ ಬಿಡಿಸುವುದು ಹೇಗೆ? ಆಗದಿದ್ದರೆ ಬೆನ್ನು ತೋರಿಸಿಯೋ, ಮಸುಕು ಮಾಡಿಯೋ ಕೊಟ್ಟರೆ ನಡೆಯುತ್ತದಾ?

ಉತ್ತರ: 'ಬೇರೆ ಯಾರೂ ಬೇಡ, ನೀನೇ ತೆಗಿ' ಅಂದ ಎಂಬುದನ್ನು ನೀವು ಪತ್ರದ ನಡುವೆ ಸುಮ್ನೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಒಪ್ಪಿಗೆ ಸಿಕ್ಕಾಗಿದೆಯಲ್ಲ ಮಾರಾಯರೇ! ಇನ್ನು ಸಂಕೋಚ ಬಿಡಿಸುವುದು ನಿಮ್ಮ ಕೆಲಸವಲ್ಲ. ಬಿಡಿಸಲೂ ಬೇಡಿ. ಸಂಕೋಚ ಬಿಟ್ಟಾಗ ಅವನು ಹೇಗಿರುತ್ತಾನೆ ಅಂತ ನೋಡಲು ಜನರಿಗೆ ವೇದಿಕೆಯ ಫೋಟೋಗಳು ಬೇಕಾದಷ್ಟಿವೆ. ಊರಿಗೆ ಬಂದ ಮೇಲೆ ಅವನು ಹೇಗಿರುತ್ತಾನೆ ಅನ್ನುವುದು ನಿಮಗೆ ಗೊತ್ತು, ಪತ್ರಿಕೆಯವರಿಗೆ ಗೊತ್ತಿಲ್ಲ. ತೆಗೆಯಬೇಕಾದ್ದು ಅದನ್ನೇ.

ಮೊದಲು ನೀವು ಕಳಿಸಿದ ಫೋಟೋ ನೋಡೋಣ. ಒಂದರಲ್ಲಿ ಅವನನ್ನು ತೋಟದ ಮುಂದೆ ನಿಲ್ಲಿಸಿದ್ದೀರಿ. ದೂರದಿಂದ ತೆಗೆಯುವ 85 ಎಂಎಂ ಲೆನ್ಸಿನಲ್ಲಿ ಹಿಂದಿನ ಅಡಿಕೆ ಮರಗಳೆಲ್ಲ ಬೆಣ್ಣೆಯ ಹಾಗೆ ಕರಗಿವೆ. ಎರಡು ಕಡೆಯಿಂದ ಫ್ಲ್ಯಾಶ್. ಮುಖದ ಮೇಲೆ ನೆರಳಿನ ಸುಳಿವೂ ಇಲ್ಲ. ಕೆಲಸದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಈಗ ಅವನ ಕೈ ನೋಡಿ. ಎರಡೂ ಹೆಬ್ಬೆರಳು ಮುಷ್ಟಿಯ ಒಳಗೆ ಹೋಗಿವೆ. ಭುಜ ಕಿವಿಯ ಕಡೆಗೆ ಒಂದು ಇಂಚು ಏರಿದೆ. ತುಟಿ ನಗುತ್ತಿದೆ, ಕಣ್ಣಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಶಾಲೆಯ ಗ್ರೂಪ್ ಫೋಟೋಕ್ಕೆ ಮೇಷ್ಟ್ರು ಹಿಡಿದು ನಿಲ್ಲಿಸಿದ ಹುಡುಗನ ಹಾಗಿದ್ದಾನೆ.

ಎರಡನೆಯದು ಹೊಳೆ ದಂಡೆಯದು. ಚರ್ಮದ ಜಾಕೆಟ್, ಭುಜದ ಮೇಲೆ ಗಿಟಾರ್, ಹಿಂದೆ ಕೆಂಪು ನೀರು. ಆ ಜಾಕೆಟ್ ಯಾರದು? ಮಳೆಗಾಲದಲ್ಲಿ ನಮ್ಮ ಕಡೆ ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಚರ್ಮದ ಜಾಕೆಟ್ ಯಾರು ಹಾಕುತ್ತಾರೆ? ತೋಳು ಬೇರೆ ಅವನ ಮಣಿಕಟ್ಟಿಗಿಂತ ಎರಡು ಬೆರಳು ಉದ್ದ ಇದೆ. ಸಾಲ ತಂದದ್ದು ಅಂತ ಫೋಟೋವೇ ಹೇಳಿಬಿಡುತ್ತದೆ. ನೀವು 'ರಾಕ್ ಸ್ಟಾರ್' ತೆಗೆಯಲು ಹೋಗಿದ್ದೀರಿ, ಅವನು ನಿಮ್ಮ ಮೇಲಿನ ವಿಶ್ವಾಸಕ್ಕೆ ಆ ವೇಷ ಹಾಕಿಕೊಂಡಿದ್ದಾನೆ. ಪಾಪ.

ಹಿಂಜರಿಯುವವರಲ್ಲಿ ಎರಡು ಥರದವರಿದ್ದಾರೆ. ಕೆಲವರಿಗೆ ತಮ್ಮ ಮುಖವೇ ಆಗದು. ಹಲ್ಲೋ, ಮೂಗೋ, ಕೂದಲೋ, ಏನೋ ಒಂದು. ಇನ್ನು ಕೆಲವರಿಗೆ ಮುಖದ ಚಿಂತೆ ಇಲ್ಲ, ಆ ಮುಖವನ್ನು ಯಾರೋ ಮಾರುತ್ತಾರಲ್ಲ, ಅದು ಆಗದು. ಈ ಎರಡಕ್ಕೂ ಔಷಧಿ ಬೇರೆ ಬೇರೆ. ಮೊದಲನೆಯವರಿಗೆ ಒಳ್ಳೆಯ ಬೆಳಕು, ಸರಿಯಾದ ಕೋನ ಕೊಟ್ಟರೆ ಅರ್ಧ ವಾಸಿ. ಎರಡನೆಯವರನ್ನು ನೀವು ಎಷ್ಟು ಚೆನ್ನಾಗಿ ತೋರಿಸುತ್ತೀರೋ ಅವರಿಗೆ ಅಷ್ಟು ಕಿರಿಕಿರಿ. ನಿಮ್ಮ ಗೆಳೆಯ ಎರಡನೆಯವನು ಅಂತ ನನ್ನ ಅಂದಾಜು. ಸಾವಿರಾರು ಜನರ ಮುಂದೆ ಬೆವರು ಸುರಿಸಿ ಕಿರುಚುವವನಿಗೆ ಮುಖದ ನಾಚಿಕೆ ಇರಲಿಕ್ಕಿಲ್ಲ.

ಆದರೆ ಅವನ ತೊಂದರೆ ಇನ್ನೂ ಒಂದಿದೆ. ವೇದಿಕೆಯಲ್ಲಿ ಅವನಿಗೆ ಕೈತುಂಬ ಕೆಲಸ. ಹಾಡಬೇಕು, ಸ್ವರ ಹಿಡಿಯಬೇಕು, ಡ್ರಮ್ಸ್‌ನವನ ಕಡೆ ಒಂದು ಕಣ್ಣಿಡಬೇಕು. ನೋಡಿಸಿಕೊಳ್ಳುವುದು ಆ ಕೆಲಸದ ಜೊತೆ ಪುಕ್ಕಟೆ ಬರುತ್ತದೆ. ನಿಮ್ಮ ಕ್ಯಾಮೆರಾ ಮುಂದೆ ಅವನಿಗೆ ಕೆಲಸವೇ ಇಲ್ಲ. 'ಸುಮ್ನೆ ನಿಂತ್ಕೋ' ಅಂದಿರಿ. ಸುಮ್ನೆ ನಿಲ್ಲುವುದು ಜಗತ್ತಿನಲ್ಲೇ ಕಷ್ಟದ ಕೆಲಸ. ಅದರಲ್ಲೂ ಮಲೆನಾಡಿನವರಿಗೆ. ಯಾರಾದರೂ ಎರಡು ಮಾತು ಹೊಗಳಿದರೆ 'ಎಂತ ಇಲ್ಲ ಬಿಡಿ' ಅಂತ ಎದ್ದು ಕೊಟ್ಟಿಗೆ ಕಡೆ ಹೋಗುವ ಜನ ನಾವು. ಊರಲ್ಲಿ ಒಂದು ಉಪನಯನಕ್ಕೆ ಹೋದರೆ ಅವನಿಗೆ 'ಟೀವಿಲಿ ಬರ್ತೀಯಂತಲ್ಲೋ' ಅಂತ ಹತ್ತು ಜನ ಕೇಳಿರುತ್ತಾರೆ. 'ಆ ಕೂದಲು ಯಾವಾಗ ತೆಗೆಸ್ತೀಯ' ಅಂತ ಇನ್ನೂ ಹತ್ತು ಜನ. ಅಂಥವನನ್ನು ತೋಟದ ಮುಂದೆ ನಿಲ್ಲಿಸಿ ಫ್ಲ್ಯಾಶ್ ಹೊಡೆದರೆ ಹೆಬ್ಬೆರಳು ಒಳಗೆ ಹೋಗದೆ ಇನ್ನೆಲ್ಲಿ ಹೋಗಬೇಕು?

ಈಗ ನಿಮ್ಮ ಇನ್ನೊಂದು ಪ್ರಶ್ನೆ. ಬೆನ್ನು ತೋರಿಸಿದರೆ, ಮಸುಕು ಮಾಡಿದರೆ ನಡೆಯುತ್ತದಾ? ನಡೆಯುತ್ತದೆ. ಆದರೆ ನಡೆದ ಕಡೆಯೆಲ್ಲ ಅದಕ್ಕೊಂದು ಕಾರಣ ಇತ್ತು.

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ 1966ರ ಡಬಲ್ ಆಲ್ಬಂನ ಹೊದಿಕೆ ನೋಡಿರುತ್ತೀರಿ. ಕಂದು ಕೋಟು, ಕತ್ತಿಗೆ ಸ್ಕಾರ್ಫ್, ಇಡೀ ಚಿತ್ರ ಅಲುಗಿದೆ. ತೆಗೆದವರು ಜೆರ್ರಿ ಶಾಟ್ಸ್‌ಬರ್ಗ್. ಜನ ಅದರಲ್ಲಿ ಅಮಲು, ಭ್ರಮೆ ಅಂತ ಏನೇನೋ ಅರ್ಥ ಹುಡುಕಿದರು. ನಿಜ ಏನಪ್ಪಾ ಅಂದರೆ ಹೊರಗೆ ವಿಪರೀತ ಚಳಿ, ಇಬ್ಬರೂ ನಡುಗುತ್ತಿದ್ದರು. ಅಲುಗದ ಚಿತ್ರಗಳೂ ಇದ್ದವು. ಡಿಲನ್ ಆರಿಸಿದ್ದು ಇದನ್ನು. ಅಂದರೆ ಆ ಮಸುಕು ಅವತ್ತಿನ ಚಳಿಯದ್ದು. ನೀವು ಕಂಪ್ಯೂಟರ್‌ನಲ್ಲಿ ಕೂತು ಹಾಕುವ ಮಸುಕಿನಲ್ಲಿ ಯಾವ ಚಳಿಯೂ ಇರುವುದಿಲ್ಲ.

ದಿ ಕ್ಲ್ಯಾಶ್ ಬ್ಯಾಂಡ್‌ನ 1979ರ ಆಲ್ಬಂ ಹೊದಿಕೆಯಲ್ಲಿ ಮುಖವೇ ಇಲ್ಲ. ಪಾಲ್ ಸಿಮೊನನ್ ಬಗ್ಗಿ ತಮ್ಮ ಬೇಸ್ ಗಿಟಾರನ್ನು ನೆಲಕ್ಕೆ ಬಡಿಯುತ್ತಿದ್ದಾರೆ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪಲ್ಲಾಡಿಯಂ ಸಭಾಂಗಣದಲ್ಲಿ ಆದದ್ದು. ಚಿತ್ರ ತೆಗೆದ ಪೆನ್ನಿ ಸ್ಮಿತ್ ಅವರಿಗೆ ಅದು ಬೇಡವಾಗಿತ್ತು, ಫೋಕಸ್ ಸರಿಯಿಲ್ಲ ಅಂದರು. ಬ್ಯಾಂಡಿನವರು ಕೇಳಲಿಲ್ಲ. ಗಿಟಾರ್ ತಮ್ಮ ಕಡೆಗೆ ಬರುತ್ತಿದ್ದರೆ ಫೋಕಸ್ ಮಾಡುತ್ತಾ ಯಾರು ನಿಲ್ಲುತ್ತಾರೆ? ಅಲ್ಲಿ ಸಿಟ್ಟೆಲ್ಲ ಬೆನ್ನಿನಲ್ಲಿದೆ, ಹಿಡಿದ ಕೈಯಲ್ಲಿದೆ. ಮುಖ ಬೇಕು ಅನಿಸುವುದೇ ಇಲ್ಲ.

ನನಗೆ ಜಾಸ್ತಿ ಇಷ್ಟದ್ದು ಮೂರನೆಯದು. ಅದೇ 1979, ಲಂಡನ್ನಿನ ನೆಲದಡಿಯ ರೈಲು ನಿಲ್ದಾಣ. ಹಾಲೆಂಡಿನಿಂದ ಆಗಷ್ಟೇ ಇಂಗ್ಲೆಂಡಿಗೆ ಬಂದಿದ್ದ ಆಂಟನ್ ಕಾರ್ಬೈನ್ ಎಂಬ ಹುಡುಗ ಜಾಯ್ ಡಿವಿಷನ್ ಬ್ಯಾಂಡಿನ ನಾಲ್ವರನ್ನು ಹಿಂದಿನಿಂದ ತೆಗೆದ. ಮೂವರು ಬೆನ್ನು ಹಾಕಿ ನಡೆಯುತ್ತಿದ್ದಾರೆ. ಹಾಡುವವನು, ಇಯಾನ್ ಕರ್ಟಿಸ್, ಒಬ್ಬನೇ ತಿರುಗಿ ನೋಡಿದ್ದಾನೆ. ಮುಂದಿನ ಮೇ ತಿಂಗಳಲ್ಲಿ ಆತ ತೀರಿಕೊಂಡ. ಆ ಮೇಲೆ ಜನ ಆ ತಿರುಗಿದ ಮುಖದಲ್ಲಿ ಏನೇನೋ ಓದಿದರು. ಅದೆಲ್ಲ ಪಕ್ಕಕ್ಕಿಡಿ. ಫೋಟೋಗ್ರಾಫರ್ ಆಗಿ ನೀವು ನೋಡಬೇಕಾದ್ದು ಇಷ್ಟು: ನಾಲ್ಕೂ ಬೆನ್ನು ಇದ್ದಿದ್ದರೆ ಅದು ಬರೀ ನಾಲ್ಕು ಕೋಟು. ಒಬ್ಬ ತಿರುಗಿದ್ದರಿಂದ ಉಳಿದ ಮೂರು ಬೆನ್ನಿಗೂ ಬೆಲೆ ಬಂತು. ನಿಮ್ಮ ಹತ್ತಿರ ಇರುವುದು ಒಂದೇ ಬೆನ್ನು. ಅದನ್ನು ಮಾತ್ರ ಕೊಟ್ಟರೆ ಪತ್ರಿಕೆಯವರು ಇನ್ನೊಂದು ಕಳಿಸಿ ಅಂತ ಫೋನ್ ಮಾಡುತ್ತಾರೆ. ಸರಿಯಾಗಿಯೇ ಮಾಡುತ್ತಾರೆ.

ಮಾರಾಟ ಆಗಲು ಇಷ್ಟವಿಲ್ಲದವರ ಪೈಕಿ ದೊಡ್ಡ ಹೆಸರು ಅಮೆರಿಕದ ನಿರ್ವಾಣ ಬ್ಯಾಂಡಿನ ಹಾಡುಗಾರ ಕರ್ಟ್ ಕೊಬೇನ್. 1992ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಮುಖಪುಟಕ್ಕೆ ಮಾರ್ಕ್ ಸೆಲಿಗರ್ ಅವನ ಬ್ಯಾಂಡಿನ ಫೋಟೋ ತೆಗೆದರು. ಕೊಬೇನ್ ಒಂದು ಟೀ ಶರ್ಟ್ ಮೇಲೆ ತಾನೇ ಬರೆದುಕೊಂಡು ಬಂದಿದ್ದ. 'ಕಂಪನಿ ಪತ್ರಿಕೆಗಳು ಈಗಲೂ ದರಿದ್ರವೇ' ಅಂತ ಅದರ ತಾತ್ಪರ್ಯ. ಪತ್ರಿಕೆಯವರು ಅದನ್ನೇ ಅಚ್ಚು ಹಾಕಿದರು, ಜನ ಇವತ್ತಿಗೂ ಆ ಮುಖಪುಟದ ಮಾತಾಡುತ್ತಾರೆ. ಮುಂದಿನ ವರ್ಷ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಜೆಸ್ಸಿ ಫ್ರೋಮನ್ ಎಂಬ ಫೋಟೋಗ್ರಾಫರ್ ಕಾದು ಕೂತಿದ್ದರು. ಕೊಬೇನ್ ಗಂಟೆಗಟ್ಟಲೆ ತಡವಾಗಿ ಬಂದ, ಬಿಳಿ ಚೌಕಟ್ಟಿನ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು. ಕಣ್ಣು ಕಾಣದೆ ಪೋರ್ಟ್ರೇಟ್ ಹೇಗಪ್ಪಾ ಅಂತ ಯಾವ ಫೋಟೋಗ್ರಾಫರಿಗಾದರೂ ಎದೆ ಧಸಕ್ ಅನ್ನುತ್ತದೆ. ಈಗ ಕೊಬೇನ್ ಅಂದ ತಕ್ಷಣ ಎಷ್ಟೋ ಜನರ ಕಣ್ಣ ಮುಂದೆ ಬರುವುದು ಆ ಕನ್ನಡಕವೇ. ಇಬ್ಬರೂ ಅವನ ಹಿಂಜರಿಕೆ ಜೊತೆ ಜಗಳಕ್ಕೆ ಹೋಗಲಿಲ್ಲ. ಅದು ಯಾವ ರೂಪದಲ್ಲಿ ಬಂತೋ, ಬಟ್ಟೆಯಾಗಿಯೋ ಕನ್ನಡಕವಾಗಿಯೋ, ಹಾಗೇ ತೆಗೆದರು.

ಜಗಳ ಮಾಡಿ ಗೆದ್ದವರೂ ಇದ್ದಾರೆ. 1941ರ ಡಿಸೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ಫೋಟೋಗ್ರಾಫರ್ ಯೂಸುಫ್ ಕಾರ್ಶ್ ಚರ್ಚಿಲ್ ಬಾಯಿಂದ ಚುಟ್ಟಾ ಕಿತ್ತುಕೊಂಡು ಆ ಸಿಟ್ಟಿನ ಮುಖ ಹಿಡಿದ ಕಥೆ ಪ್ರತಿ ಫೋಟೋಗ್ರಫಿ ಕ್ಲಾಸಿನಲ್ಲೂ ಹೇಳುತ್ತಾರೆ. ಚರ್ಚಿಲ್‌ಗೆ ಅದು ನಡೆಯಿತು. ನಿಮ್ಮ ಗೆಳೆಯನ ಕೈಯಿಂದ ಏನನ್ನಾದರೂ ಕಿತ್ತುಕೊಂಡರೆ ಅವನು ಸಿಟ್ಟಾಗುವುದಿಲ್ಲ, ಒಳಗೆ ಹೋಗಿ ಕಷಾಯ ಕುಡಿಯುತ್ತಾನೆ.

ಇನ್ನೊಂದು ಉಪಾಯವನ್ನೂ ಯಾರಾದರೂ ನಿಮಗೆ ಹೇಳೇ ಹೇಳುತ್ತಾರೆ. 'ಮುಗೀತು ಅಂತ ಹೇಳಿ ಕ್ಯಾಮೆರಾ ಇಳಿಸಿ, ಅವರು ಸಡಿಲ ಆದಾಗ ಕದ್ದು ಹೊಡಿ.' ಬೇಡ. ನಾನು ಮಾಡಿ ನೋಡಿದ್ದೇನೆ. ಫಿಲಂ ಕಾಲ. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಗಾಯಕರು, ಹೆಸರು ಬೇಡ. ನಾಲ್ಕು ಸಲ ಅವರ ಮನೆಗೆ ಅಲೆದ ಮೇಲೆ ಒಪ್ಪಿದರು. ಅರ್ಧ ರೋಲು ಮುಗಿದರೂ ಮುಖ ಬಿಚ್ಚಿಕೊಳ್ಳಲಿಲ್ಲ. 'ಆಯ್ತು ಸಾರ್, ಮುಗೀತು' ಅಂದೆ. ಅವರು ನಿಟ್ಟುಸಿರು ಬಿಟ್ಟು ಕವಳದ ತಟ್ಟೆ ಎಳೆದುಕೊಂಡರು. ಎಲೆಯ ತೊಟ್ಟು ಮುರಿದು, ಪಂಚೆಗೆ ಒರೆಸಿ, ತೋರುಬೆರಳಲ್ಲಿ ಸುಣ್ಣ ಸವರುತ್ತಿದ್ದರು. ಮುಖ ಎಷ್ಟು ಚಂದ ಇತ್ತು ಅಂದರೆ ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾ ತೊಡೆ ಮೇಲೇ ಇತ್ತು. ಒತ್ತಿದೆ. ಹಳೇ ಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿ ಎದ್ದು ಬೀಳುವ ಸದ್ದು ಗೊತ್ತಲ್ಲ, ಠಕ್ ಅಂತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ಆ ಎಲೆಯನ್ನು ತಟ್ಟೆಯಲ್ಲಿ ಹಾಗೇ ಇಟ್ಟು, ಕೈ ತೊಳೆದು ಒಳಗೆ ಹೋದರು. ಆ ಎಲೆ ಅವರು ಹಾಕಲಿಲ್ಲ. ಫೋಟೋ ಚೆನ್ನಾಗಿ ಬಂದಿದೆ, ಇಷ್ಟು ವರ್ಷದಲ್ಲಿ ನಾನು ತೆಗೆದದ್ದರಲ್ಲಿ ಅದೂ ಒಂದು. ಎಲ್ಲೂ ಹಾಕಿಲ್ಲ. ಆ ಮನೆಗೆ ಮತ್ತೆ ಹೋಗಲೂ ಇಲ್ಲ.

ಈ ಕದಿಯುವ ಚಾಳಿ ನನಗೆ ಹಕ್ಕಿ ಫೋಟೋದಿಂದ ಅಂಟಿದ್ದು. ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ ಬೆಳ್ಳಕ್ಕಿ, ನೀರುಕಾಗೆ ಗೂಡು ತೆಗೆಯುತ್ತಿದ್ದೆ. ಹಕ್ಕಿ ತೆಗೆಯುವವನು ಮರೆಯಲ್ಲಿ ಕೂರಬೇಕು, ತಾನಿಲ್ಲ ಅಂತ ಹಕ್ಕಿಗೆ ಅನಿಸಬೇಕು. ಮನುಷ್ಯರ ವಿಷಯದಲ್ಲಿ ಇದು ಉಲ್ಟಾ. ನೀವು ಇದ್ದೀರಿ, ತೆಗೆಯುತ್ತಿದ್ದೀರಿ ಅಂತ ಅವನಿಗೆ ಪ್ರತಿ ಗಳಿಗೆ ಗೊತ್ತಿರಬೇಕು, ಗೊತ್ತಿದ್ದೂ ಅವನು ತನ್ನ ಕೆಲಸ ಮುಂದುವರಿಸಬೇಕು.

ಹಾಗಾದರೆ ಯಾವ ಕೆಲಸ? 'ಕೈಗೆ ಏನಾದರೂ ಕೊಡಿ' ಅಂತ ಎಲ್ಲರೂ ಹೇಳುತ್ತಾರೆ. ಹಾಗಂತ ಅಡಿಕೆ ಸುಲಿಯಲು ಕೂರಿಸಬೇಡಿ. ಮಳೆಗಾಲದಲ್ಲಿ ಸುಲಿಯಲು ಅಡಿಕೆಯೇ ಇಲ್ಲ, ನೋಡಿದ ಮಲೆನಾಡಿನವರು ನಗುತ್ತಾರೆ. ಕಂಬಳಿ ಕೊಪ್ಪೆ ಹೊದಿಸಿ ಮಳೆಯಲ್ಲಿ ನಿಲ್ಲಿಸುವುದೂ ಬೇಡ. ಅದೂ ಆ ಜಾಕೆಟ್ಟಿನ ಹಾಗೆ ಇನ್ನೊಂದು ವೇಷ. ಗಿಟಾರ್ ಹಿಡಿದು ನುಡಿಸು ಅಂದರೆ ಅವನು ವೇದಿಕೆಯ ಮುಖ ಹಾಕಿಕೊಳ್ಳುತ್ತಾನೆ.

ತಂತಿ ಬದಲಿಸಲು ಹೇಳಿ.

ಈ ಹವೆಯಲ್ಲಿ ಗಿಟಾರ್ ತಂತಿ ತುಕ್ಕು ಹಿಡಿಯದೆ ಇರುವುದಿಲ್ಲ. ಆದ್ದರಿಂದ ಇದು ನಾಟಕವಲ್ಲ, ಹೇಗೂ ಮಾಡಬೇಕಾದ ಕೆಲಸ. ಹಳೇ ತಂತಿ ಸಡಿಲಿಸಬೇಕು, ಬಿಚ್ಚಬೇಕು, ಬೆರಳಲ್ಲಿ ತಂತಿ ಒತ್ತುವ ಫ್ರೆಟ್‌ಬೋರ್ಡ್ ಒರೆಸಬೇಕು, ಆರು ಹೊಸ ತಂತಿ ಪೋಣಿಸಿ ಸುತ್ತಬೇಕು. ನಿಧಾನಕ್ಕೆ ಮಾಡಿದರೆ ಅರ್ಧ ಗಂಟೆ. ಎರಡೂ ಕೈಗೆ ಕೆಲಸ, ಕಣ್ಣು ಕೆಳಗೆ. ಈ ಹೊತ್ತಿನಲ್ಲಿ ನೀವು ಹತ್ತಿಪ್ಪತ್ತು ತೆಗೆಯಿರಿ. ಮುಖ್ಯವಾಗಿ ನಿಮ್ಮ ಶಟರ್ ಸದ್ದು ಅವನಿಗೆ ರೂಢಿಯಾಗಲಿ. ಇವು ಬೇಕಾದ ಫೋಟೋಗಳಲ್ಲ.

ಬೇಕಾದ್ದು ಆಮೇಲೆ ಬರುತ್ತದೆ. ಶ್ರುತಿ ಕೂಡಿಸುವಾಗ. ಅವನು ತಂತಿ ಮೀಟಿ ತಲೆಯನ್ನು ಸ್ವಲ್ಪ ಓರೆ ಮಾಡುತ್ತಾನೆ. ಕಣ್ಣು ತೆರೆದೇ ಇರುತ್ತದೆ, ಆದರೆ ಏನನ್ನೂ ನೋಡುತ್ತಿರುವುದಿಲ್ಲ. ಬಾಯಿ ಕೂದಲೆಳೆಯಷ್ಟು ತೆರೆದುಕೊಳ್ಳುತ್ತದೆ. ದವಡೆ ಸಡಿಲ ಆಗುತ್ತದೆ. ಎಡಗೈ ಕೀಲಿ ತಿರುಗಿಸುತ್ತಾ ಹೋಗುತ್ತದೆ. ಸ್ವರ ಕೂಡಿತು ಅನ್ನುವಾಗ ಹುಬ್ಬಿನ ನಡುವಿನ ಗೆರೆ ಮಾಯ. ಇದು ಕೇಳುವ ಮುಖ. ಹಾಡುವ ಮುಖ ಅವನ ಅಭಿಮಾನಿಗಳೆಲ್ಲರ ಮೊಬೈಲಿನಲ್ಲಿದೆ, ಇದು ಇಲ್ಲ. ಹೊಸ ತಂತಿ ನಿಲ್ಲುವುದಿಲ್ಲ ಬೇರೆ. ಎಳೆದು ಕೂಡಿಸಿದ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ, ಮತ್ತೆ ಕೂಡಿಸಬೇಕು. ಒಂದು ಸಲ ತಪ್ಪಿದರೆ ಚಿಂತೆಯಿಲ್ಲ, ಅದೇ ಮುಖ ಏಳೆಂಟು ಸಲ ಬರುತ್ತದೆ. ಒಂದೇ ಷರತ್ತು: ಮೊಬೈಲಿನ ಟ್ಯೂನರ್ ಬೇಡ ಅನ್ನಿ. ಅದಿದ್ದರೆ ಅವನು ಪರದೆ ನೋಡುತ್ತಾನೆ, ಕೇಳುವುದಿಲ್ಲ. ಸ್ವಾಮಿ, ಈ ಒಂದು ವಿಷಯಕ್ಕೆ ನಾನು ಇಷ್ಟುದ್ದ ಬರೆದದ್ದು.

ಜಾಗ ಜಗಲಿ. ಫ್ಲ್ಯಾಶ್ ಮನೆಯಲ್ಲೇ ಬಿಟ್ಟು ಹೋಗಿ. ಮಳೆ ಮೋಡದ ಆಕಾಶಕ್ಕಿಂತ ದೊಡ್ಡ ಸಾಫ್ಟ್‌ಬಾಕ್ಸ್, ಅಂದರೆ ಬೆಳಕು ಮೃದು ಮಾಡುವ ಡಬ್ಬ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಗಳದ ಕಡೆಯಿಂದ ಬೆಳಕು ಬರಲಿ, ಅವನು ಅದಕ್ಕೆ ಓರೆಯಾಗಿ ಕೂರಲಿ. ಮನೆಯೊಳಗಿನ ಕತ್ತಲು ಅವನ ಹಿಂದೆ ಇರಲಿ. ಜಗಲಿ ಅಂಚಿಗೆ ತೀರಾ ಹತ್ತಿರ ಕೂತರೆ ಬೆಳಕು ಚಪ್ಪಟೆ. ಎರಡು ಹೆಜ್ಜೆ ಒಳಗೆ ಬಂದರೆ ಮುಖದ ಒಂದು ಪಕ್ಕ ನೆರಳಿಗೆ ಜಾರುತ್ತದೆ. ಅಷ್ಟು ಸಾಕು. ಬಲ್ಬು ಹಾಕಿದ್ದರೆ ಆರಿಸಿ, ಎರಡು ಬಣ್ಣದ ಬೆಳಕು ಸೇರಿದರೆ ಚರ್ಮ ಕೆಡುತ್ತದೆ.

ಬಣ್ಣದ ಮಾತು ಬಂತಲ್ಲ, ನಿಮ್ಮ ಮೊದಲ ಫೋಟೋದಲ್ಲಿ ಫ್ಲ್ಯಾಶ್ ತಲುಪದ ಕಡೆ, ಕಿವಿಯ ಹಿಂದೆ, ಕತ್ತಿನ ಕೆಳಗೆ ನೋಡಿ. ಹಸಿರು. ತೋಟದ ಪಕ್ಕ ಬೆಳಕೆಲ್ಲ ಎಲೆಯಿಂದ ಸೋಸಿ, ಎಲೆಯಿಂದ ಚಿಮ್ಮಿ ಬರುತ್ತದೆ. ಕಣ್ಣು ಅದನ್ನು ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಸಿಕೊಳ್ಳುವುದಿಲ್ಲ. ಮನುಷ್ಯ ಕಾಮಾಲೆಯಿಂದ ಎದ್ದವನ ಹಾಗೆ ಕಾಣುತ್ತಾನೆ. ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು, ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ವೈಟ್ ಬ್ಯಾಲೆನ್ಸ್ ಮಾಡಿ, ಆಮೇಲೆ ಟಿಂಟನ್ನು ಸ್ವಲ್ಪ ಹಸಿರಿಗೆ ಎದುರಾದ ಮಜೆಂಟಾ ಕಡೆ ತಳ್ಳಿದರೆ ಸುಮಾರಿಗೆ ಸರಿಹೋಗುತ್ತದೆ. ಆದರೆ ಒಂದು ಕೆನ್ನೆಗೆ ತೋಟದ ಬೆಳಕು, ಇನ್ನೊಂದಕ್ಕೆ ಆಕಾಶದ್ದು ಬಿದ್ದಿದ್ದರೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡುವುದಿಲ್ಲ. ಮೊದಲೇ ಬೆನ್ನನ್ನು ತೋಟದ ಕಡೆ ತಿರುಗಿಸಿಬಿಡಿ. ಇರುಚಲು ಬಾರದಿರಲಿ ಅಂತ ಜಗಲಿಗೆ ನೀಲಿ ಟಾರ್ಪಾಲು ಕಟ್ಟಿದ್ದರೆ ಆ ಹೊತ್ತಿಗೆ ಬಿಚ್ಚಬೇಕು. ಮನೆಯವರನ್ನು ಕೇಳಿ ಬಿಚ್ಚಿ, ಮುಗಿದ ಮೇಲೆ ನೀವೇ ಕಟ್ಟಿ ಬನ್ನಿ.

ಲೆನ್ಸ್ 35, ಹತ್ತಿರದಿಂದಲೇ ಅಗಲಕ್ಕೆ ಹಿಡಿಯುವಂಥದ್ದು. 85 ಹಾಕಿದರೆ ನೀವು ಅಂಗಳದಲ್ಲಿ ಮಳೆಗೆ ನಿಲ್ಲಬೇಕಾಗುತ್ತದೆ, ಮಾತಾಡಬೇಕಾದರೆ ಕೂಗಬೇಕು. 35ರಲ್ಲಿ ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ, ಒಂದೂವರೆ ಮೀಟರ್ ದೂರ ಇರಲಿ. ಆಗ ಕೈ, ಗಿಟಾರಿನ ತಲೆ, ನೆಲದ ಮೇಲೆ ಸುರುಳಿ ಬಿದ್ದ ಹಳೇ ತಂತಿ ಎಲ್ಲ ಚೌಕಟ್ಟಿನೊಳಗೆ ಬರುತ್ತವೆ. ಲೆನ್ಸಿನ ಬಾಯಿ ಎಫ್ 2.8, ಶಟರ್ ಸೆಕೆಂಡಿನ 125ನೇ ಒಂದು ಭಾಗ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800ರಿಂದ 1600 ಬೇಕಾಗಬಹುದು, ಹೆದರಬೇಡಿ, ಇಂದಿನ ಕ್ಯಾಮೆರಾಗಳಿಗೆ ಅದು ಲೆಕ್ಕಕ್ಕಿಲ್ಲ. ನೀವೂ ಕೆಳಗೇ ಕೂರಿ, ಕಂಬಕ್ಕೆ ಒರಗಿ. ನಿಂತು ಬಗ್ಗಿ ತೆಗೆದರೆ ಅವನಿಗೆ ಮತ್ತೆ ಮೇಷ್ಟ್ರ ನೆನಪಾಗುತ್ತದೆ.

ಒದ್ದೆ ಹವೆಯ ಬಗ್ಗೆ ಒಂದು ಮಾತು. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ನಿಮ್ಮ ಗೆಳೆಯನ ತಾಲ್ಲೂಕಿನಲ್ಲೇ ಇದೆ. ಕಾರಿನ ಎಸಿಯಿಂದ ಕ್ಯಾಮೆರಾ ಸೀದಾ ಹೊರಗೆ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ತಿಂಡಿ ಕೊಡುತ್ತಾರೆ, ಬೇಡ ಅನ್ನಬೇಡಿ. ವಾಪಸ್ ಬಂದ ಮೇಲೆ ಒಣಗಿಸದೆ ಬೀರುವಿನಲ್ಲಿಟ್ಟರೆ ಗಾಜಿನೊಳಗೆ ಫಂಗಸ್ ಜೇಡರ ಬಲೆ ನೇಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬ ಇದ್ದರೆ ಸಾಕು. ನಾನು ಒಂದು ಒಳ್ಳೇ 50 ಎಂಎಂ ಹೀಗೇ ಕಳೆದುಕೊಂಡೆ.

ತೆಗೆದ ಮೇಲೆ ಅವನಿಗೆ ತೋರಿಸುತ್ತೀರಲ್ಲ, ಅಲ್ಲೊಂದು ಸೂಕ್ಷ್ಮ ಇದೆ. ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಿಂದ, ಅಂದರೆ ಎಡಬಲ ತಿರುಗಿದ್ದು. ಫೋಟೋದಲ್ಲಿ ಬೈತಲೆ ಆ ಕಡೆ ಹೋಗಿರುತ್ತದೆ, ಓರೆ ನಗು ಈ ಕಡೆ ಬಂದಿರುತ್ತದೆ. ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. 1977ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದ್ದರು. ಒಂದೇ ಫೋಟೋದ ನೇರ ಪ್ರತಿ, ತಿರುಗಿಸಿದ ಪ್ರತಿ ಎರಡನ್ನೂ ಇಟ್ಟರೆ ಹೆಚ್ಚಿನವರಿಗೆ ತಮ್ಮದು ತಿರುಗಿಸಿದ್ದೇ ಇಷ್ಟವಾಯಿತು, ಅವರ ಗೆಳೆಯರಿಗೆ ನೇರದ್ದು. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ತೋರಿಸುವಾಗ ಅಡ್ಡಕ್ಕೆ ತಿರುಗಿಸಿದ ಪ್ರತಿಯನ್ನೂ ಪಕ್ಕದಲ್ಲಿಡಿ, ಯಾಕೆ ಅಂತಲೂ ಹೇಳಿ. 'ಓ, ಹಾಗಾ' ಅಂತ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಚ್ಚಿಗೆ ಮಾತ್ರ ನೇರದ್ದೇ ಹೋಗಲಿ. ಎಡಗೈ ಗಿಟಾರಿಸ್ಟ್ ಆಗಿಬಿಟ್ಟರೆ ಅಭಿಮಾನಿಗಳು ಬಿಡುವುದಿಲ್ಲ.

ಮುನ್ನೂರು ತೋರಿಸಬೇಡಿ. ನೀವೇ ಎಂಟು ಆರಿಸಿ ತೋರಿಸಿ. ಬೇಡ ಅಂದದ್ದನ್ನು ಅವನ ಎದುರೇ ಅಳಿಸಿ. ಹೊಟ್ಟೆ ಉರಿಯುತ್ತದೆ, ಆದರೂ ಅಳಿಸಿ.

ಅವನು ಬೇಡ ಅಂದದ್ದು ಎಲ್ಲೂ ಬರುವುದಿಲ್ಲ ಅನ್ನುವ ಈ ಮಾತು ಉಳಿಯಬೇಕಾದರೆ ಕಾಗದದ ಕೆಲಸ ಮೊದಲೇ ಆಗಬೇಕು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ ಫೋಟೋದ ಮೊದಲ ಒಡೆಯ ಸಾಮಾನ್ಯವಾಗಿ ಅದನ್ನು ತೆಗೆದವನು. ಆದರೆ ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಒಡೆತನ ತೆಗೆಸಿದವರದ್ದು. ಅಂದರೆ ಪತ್ರಿಕೆಯವರು ನಿಮಗೆ ಇಂತಿಷ್ಟು ಅಂತ ಕೊಟ್ಟು ತೆಗೆಸಿ, ನೀವು ಏನೂ ಬರೆಸಿಕೊಳ್ಳದಿದ್ದರೆ, ನಾಳೆ ಅದೇ ಫೋಟೋ ಎಲ್ಲಿ ಬಂದರೂ ನೀವೂ ಕೇಳುವ ಹಾಗಿಲ್ಲ, ಅವನೂ ಕೇಳುವ ಹಾಗಿಲ್ಲ. 'ಈ ಲೇಖನಕ್ಕೆ, ಒಂದು ಸಲ, ನಾವು ಕಳಿಸಿದ ಚಿತ್ರ ಮಾತ್ರ. ಹಕ್ಕು ಫೋಟೋಗ್ರಾಫರದ್ದು' ಅಂತ ಇಮೇಲಿನಲ್ಲಿ ಬರೆದು, ಅವರಿಂದ 'ಸರಿ' ಅಂತ ಉತ್ತರ ತರಿಸಿಕೊಳ್ಳಿ. ಅವನ ಭಯಕ್ಕೆ ನಿಮ್ಮ ಲೆನ್ಸ್‌ಗಿಂತ ಈ ಎರಡು ಸಾಲು ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಅವನಿಗೆ ಅದರ ಪ್ರತಿ ಕಳಿಸಿ, ತೆಗೆಯಲು ಹೋಗುವ ಮೊದಲೇ.

ಪತ್ರಿಕೆಯವರು ಕ್ಯಾಮೆರಾ ನೋಡುತ್ತಿರುವ ಚಿತ್ರವೊಂದು ಕೇಳಿಯೇ ಕೇಳುತ್ತಾರೆ. ಆರೂ ತಂತಿ ಕೂಡಿದ ಮೇಲೆ, ಅವನು ಗಿಟಾರನ್ನು ಗೋಡೆಗೆ ಒರಗಿಸುವ ಮೊದಲು, ಒಂದೇ ಸಲ ಕೇಳಿ. ನಗು ಅನ್ನಬೇಡಿ, ಗಲ್ಲ ಎತ್ತು ಅನ್ನಬೇಡಿ. ಬರೀ 'ಇಲ್ಲಿ ನೋಡೋ' ಅನ್ನಿ, ಶಾಲೆಯಲ್ಲಿ ಕರೆಯುತ್ತಿದ್ದ ಹೆಸರಿದ್ದರೆ ಅದರಲ್ಲೇ ಕರೆಯಿರಿ. ಮೂರು ಫ್ರೇಮ್, ಅಷ್ಟೇ. ನೋಡದಿದ್ದರೆ ಬಿಡಿ, ಕೇಳುವ ಮುಖ ಹೇಗೂ ನಿಮ್ಮ ಹತ್ತಿರ ಇದೆ. ಎರಡರಲ್ಲೂ ಒಂದು ಪಕ್ಕ ಖಾಲಿ ಜಾಗ ಬಿಟ್ಟು ತೆಗೆಯಿರಿ, ಶೀರ್ಷಿಕೆ ಕೂರಿಸಲು ಅವರಿಗೆ ಬೇಕು. ಇಲ್ಲದಿದ್ದರೆ ಹಣೆ ಮೇಲೇ ಅಕ್ಷರ ಬರುತ್ತದೆ.

ತಂತಿ ಸೆಟ್ಟನ್ನು ನೀವೇ ಶಿವಮೊಗ್ಗದಲ್ಲಿ ತಗೊಂಡು ಹೋಗಿ. ಅವನು ಬಳಸುವ ದಪ್ಪ ಯಾವುದು, ಅಕೂಸ್ಟಿಕ್ಕಿಗಾ ಎಲೆಕ್ಟ್ರಿಕ್ಕಿಗಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಎರಡು ಸೆಟ್ ಇರಲಿ. ಮೊದಲನೆಯ ತಂತಿ ತೆಳ್ಳಗಿರುತ್ತದೆ, ಎಳೆದು ಕೂಡಿಸುವಾಗ ಪಟ್ ಅಂತ ಹೋದರೆ ಪೇಟೆಗೆ ಓಡಲು ಆ ಮಳೆಯಲ್ಲಿ ಬಸ್ಸೂ ಸಿಗುವುದಿಲ್ಲ.